ಎರಡು ಪಾಳೆಯಗಳ ನಡುವಿನವನು

"ಗುರುಗಳೇ, ಇಬ್ಬರನ್ನು ಕೂಡಿಸಿ ಇಡಬೇಕಾದರೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸ್ವಲ್ಪ ಸಿಹಿ ಮಾಡಿ ಮುಟ್ಟಿಸುವುದು ತಪ್ಪೇ?" ಎಂದು ದುಗ್ಗಪ್ಪ ಕೇಳಿದ.

ದುಗ್ಗಪ್ಪ ಕಲ್ಲುಗಣಿಯವನು. ಗಣಿಯಲ್ಲಿ ಕಲ್ಲು ಒಡೆಯುವವರದು ಒಂದು ಕೇರಿ, ಕಲ್ಲು ಸಾಗಿಸುವ ಗಾಡಿಯವರದು ಇನ್ನೊಂದು ಕೇರಿ. ಎರಡೂ ಕೇರಿಗಳ ನಡುವೆ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಈಗ ಗಣಿಯ ಯಜಮಾನ ಎರಡೂ ಕೇರಿಯ ಗುಡಿಸಲುಗಳನ್ನು ಕೀಳಿಸುವುದಾಗಿ ಹೇಳಿದ್ದ. ಅದಕ್ಕಾಗಿ ಎರಡೂ ಕೇರಿ ಒಂದಾಗಿದ್ದವು. ಒಂದಾಗಿದ್ದವು ಎಂದರೆ, ದುಗ್ಗಪ್ಪ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಿದ್ದ. ಮರುದಿನ ಬೆಳಗ್ಗೆ ಕಲ್ಲಿನವರು ಸುತ್ತಿಗೆ ಕೆಳಗಿಡುವುದು, ಗಾಡಿಯವರು ಎತ್ತು ಬಿಚ್ಚುವುದು ಎಂದು ಮಾತಾಗಿತ್ತು. ಕಲ್ಲಿನವರು ಮಾತ್ರ ನಿಲ್ಲಿಸಿ ಗಾಡಿಗಳು ಓಡಿದರೆ, ಸುತ್ತಿಗೆ ಇಟ್ಟವರನ್ನು ಯಜಮಾನ ಮಧ್ಯಾಹ್ನದೊಳಗೆ ಗಣಿಯಿಂದ ಆಚೆ ಹಾಕುತ್ತಿದ್ದ.

"ಗಾಡಿಯವರು ಏನೆಂದರು?" ಎಂದು ಗುರು ಕೇಳಿದರು.

"ನಾಳೆ ಬರುತ್ತಾರೆ ಗುರುಗಳೇ."

"ಬರುತ್ತಾರೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಏನೆಂದರು ಎಂದು ಕೇಳಿದೆ."

"ಸ್ವಲ್ಪ ಬೈದರು. ಕೋಪದಲ್ಲಿ ಆಡಿದ ಮಾತು. ಅದನ್ನೆಲ್ಲ ಹೊತ್ತು ತಿರುಗುವುದು ಯಾಕೆಂದು ಅಲ್ಲಿಯೇ ಬಿಟ್ಟು ಬಂದೆ. ಗಾಡಿಯವರು ನಿಮ್ಮ ಬೆನ್ನಿಗಿದ್ದಾರೆ ಎಂದು ಕಲ್ಲಿನವರಿಗೆ ಹೇಳಿದೆ. ಅವರ ಮುಖ ಅರಳಿತು."

"ಮುಖ ಅರಳಿತೋ!" ಎಂದರು ಗುರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡ."

ದುಗ್ಗಪ್ಪ ಕೂತ. ಗುರು ಹೇಳಿದರು.

ಒಂದು ಹೊಳೆ. ಹೊಳೆಯ ಆಚೆ ದಡದಲ್ಲಿ ಶತ್ರು. ಈಚೆ ದಡದಲ್ಲಿ ಎರಡು ಸೇನೆ. ಒಂದು ಬಯಲುಸೀಮೆಯ ದೊರೆಯದು, ಇನ್ನೊಂದು ಬೆಟ್ಟದ ಜನರದು. ಬೇರೆ ಬೇರೆ ನಿಂತರೆ ಇಬ್ಬರೂ ಉಳಿಯುವಂತಿರಲಿಲ್ಲ. ಆದ್ದರಿಂದ ಜೊತೆಯಾಗಿ ಕಾದುವುದೆಂದು ಒಪ್ಪಂದವಾಯಿತು. ಬಯಲಿನ ಸೇನೆಗೆ ಒಬ್ಬ ದಳವಾಯಿ ಇದ್ದ. ಅವನು ಬಲಗಡೆ, ಹೊಳೆ ಹರಿದು ಬರುವ ಕಡೆ, ಮೇಲಿನ ರೇವಿನಲ್ಲಿ ಪಾಳೆಯ ಹೂಡಿದ. ಬೆಟ್ಟದ ಸೇನೆಗೆ ಒಬ್ಬ ನಾಯಕ ಇದ್ದ. ಅವನು ಎಡಗಡೆ, ಕೆಳಗಿನ ರೇವಿನಲ್ಲಿ ಪಾಳೆಯ ಹೂಡಿದ. ಕೆಳಗಿನ ರೇವಿನಲ್ಲಿ ನೀರು ಮೊಣಕಾಲಿಗೆ ಬರುತ್ತಿತ್ತು. ಶತ್ರು ದಾಟುವುದಿದ್ದರೆ ಅಲ್ಲಿಯೇ ದಾಟಬೇಕು. ಅದನ್ನು ಕಾಯುವುದು ಬೆಟ್ಟದವರ ಪಾಲಿಗೆ ಬಂತು.

ಜೊತೆ ಎಂದೆ. ಎಂಥ ಜೊತೆ ಎಂದು ಕೇಳು. ಬಯಲಿನವರು ಬೆಟ್ಟದವರ ಕೈಯ ನೀರು ಮುಟ್ಟುತ್ತಿರಲಿಲ್ಲ. ಬೆಟ್ಟದವರು ಬಯಲಿನವರ ಒಲೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಬರುತ್ತಿರಲಿಲ್ಲ. ಒಂದು ಪಾಳೆಯದ ಆಳು ಇನ್ನೊಂದು ಪಾಳೆಯದೊಳಗೆ ಕಾಲಿಡಬಾರದೆಂದು ಎರಡೂ ಕಡೆ ಅಪ್ಪಣೆಯಾಗಿತ್ತು. ಸಾಯುವುದಕ್ಕೆ ಜೊತೆ ಬೇಕಿತ್ತು, ಉಣ್ಣುವುದಕ್ಕೆ ಬೇಕಿರಲಿಲ್ಲ. ದಳವಾಯಿಯೂ ನಾಯಕನೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಯಾರು ಯಾರ ಡೇರೆಗೆ ಮೊದಲು ಹೋಗಬೇಕು ಎಂಬುದೇ ತೀರ್ಮಾನವಾಗಿರಲಿಲ್ಲ.

ಹಾಗಾಗಿ ನಡುವೆ ಒಬ್ಬ ಅಧಿಕಾರಿಯನ್ನು ಇಟ್ಟರು. ಅವನ ತಂದೆ ಬಯಲಿನವನು, ತಾಯಿ ಬೆಟ್ಟದವಳು. ಎರಡೂ ಭಾಷೆ ಅವನಿಗೆ ಬರುತ್ತಿದ್ದವು. ಅವನ ಕೆಲಸ ಇಷ್ಟೇ. ಇವರು ಎಲ್ಲಿ ನಿಂತಿದ್ದಾರೆ, ಇವರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಅವರಿಗೆ ಹೇಳಬೇಕು. ಅವರದನ್ನು ಇವರಿಗೆ ಹೇಳಬೇಕು. ಜನ ಅವನನ್ನು ನಡುವಿನವನು ಎಂದು ಕರೆದರು. ಎರಡೂ ಪಾಳೆಯದಲ್ಲಿ ಉಣ್ಣುತ್ತಿದ್ದವನು ಅವನೊಬ್ಬನೇ. ಇಲ್ಲಿ ಉಂಡದ್ದನ್ನು ಅವನು ಅಲ್ಲಿ ಹೇಳುತ್ತಿರಲಿಲ್ಲ, ಅಲ್ಲಿ ಉಂಡದ್ದನ್ನು ಇಲ್ಲಿ ಹೇಳುತ್ತಿರಲಿಲ್ಲ. ಸುಮ್ಮನೆ ಜಗಳ ಯಾಕೆ ಎಂದುಕೊಂಡ. ಅಭ್ಯಾಸ ಶುರುವಾದದ್ದು ಅಲ್ಲಿಂದ.

ಬಯಲಿನ ಸೇನೆಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಾದ ಕೂಡಲೇ ಕುದುರೆಗಳನ್ನು ಹೊಳೆಗೆ ಇಳಿಸಿ ಮೈ ತೊಳೆಯುತ್ತಿದ್ದರು. ತೊಳೆದ ಮೇಲೆಯೇ ಅವುಗಳಿಗೆ ಹುರುಳಿ. ಬೆಟ್ಟದ ಸೇನೆಯಲ್ಲಿಯೂ ಒಂದು ಪದ್ಧತಿ ಇತ್ತು. ಬೆಳಗ್ಗೆ ಎದ್ದವನು ಹರಿಯುವ ನೀರಿಗೆ ಬೊಗಸೆ ಒಡ್ಡಿ ಹೊಟ್ಟೆ ತುಂಬ ಕುಡಿಯಬೇಕು, ಆಮೇಲೆ ಊಟ. ನಿಂತ ನೀರನ್ನು ಅವರು ಮುಟ್ಟುತ್ತಿರಲಿಲ್ಲ. ಅದು ಸತ್ತ ನೀರು ಎನ್ನುತ್ತಿದ್ದರು. ಬೆಟ್ಟದಲ್ಲಿ ಅದು ಒಳ್ಳೆಯ ಪದ್ಧತಿಯೇ. ಅಲ್ಲಿ ಅವರಿಗಿಂತ ಮೇಲೆ ಕುದುರೆ ತೊಳೆಯುವವರು ಯಾರೂ ಇರಲಿಲ್ಲ.

ಇಲ್ಲಿ ಇದ್ದರು. ಕುದುರೆಯ ಲದ್ದಿ, ಗಾಯದ ಕೀವು, ಪಾಳೆಯದ ಹೊಲಸು ಎಲ್ಲವೂ ಮೇಲಿನ ರೇವಿನಿಂದ ಹರಿದು ಕೆಳಗಿನ ರೇವಿಗೆ ಬಂತು. ಬೆಟ್ಟದವರು ಅದನ್ನೇ ಕುಡಿದರು. ಹೊಟ್ಟೆ ಕೆಟ್ಟಿತು. ನಾಯಕ ನಡುವಿನವನನ್ನು ಕರೆಸಿದ.

"ನಿನ್ನ ದಳವಾಯಿಗೆ ಹೇಳು" ಎಂದ ನಾಯಕ. "ಅವನ ಕುದುರೆ ಕುಂಡೆ ತೊಳೆದ ನೀರು ಕುಡಿಯುವುದಕ್ಕೆ ನನ್ನ ಜನ ಬೆಟ್ಟ ಇಳಿದು ಬಂದಿಲ್ಲ. ಕುದುರೆಗಳನ್ನು ನಮ್ಮ ಕೆಳಗೆ ಹೊಡೆಸಲಿ, ಇಲ್ಲವೇ ರೇವು ಬದಲಾಯಿಸಲಿ. ಎರಡೂ ಆಗದಿದ್ದರೆ ನಾನು ಎದ್ದು ಹೋಗುತ್ತೇನೆ. ಹೀಗೇ ಹೇಳು. ಒಂದು ಮಾತನ್ನೂ ನೆಕ್ಕಿ ಸಣ್ಣ ಮಾಡಬೇಡ."

ನಡುವಿನವನು ದಾರಿಯಲ್ಲಿ ಯೋಚಿಸಿದ. ಮೇಲಿನ ರೇವು ಬರೀ ರೇವಲ್ಲ. ಅದು ದೊಡ್ಡವರ ಜಾಗ. ಅದನ್ನು ಬಿಡು ಎಂದರೆ ದಳವಾಯಿ ಉರಿದು ಬೀಳುತ್ತಾನೆ. ಒಪ್ಪಂದ ಮುರಿಯುತ್ತದೆ. ಮುರಿದರೆ ಶತ್ರು ಇಬ್ಬರನ್ನೂ ನುಂಗುತ್ತಾನೆ. ಹೀಗೆ ಯೋಚಿಸುತ್ತ ಮೇಲಿನ ಪಾಳೆಯ ಮುಟ್ಟಿದ. ದಳವಾಯಿಯ ಮುಂದೆ ನಿಂತು ಹೇಳಿದ:

"ಬೆಟ್ಟದ ನಾಯಕರು ನಮ್ಮ ಕುದುರೆಗಳನ್ನು ಬಹಳ ಮೆಚ್ಚಿಕೊಂಡರು ಸ್ವಾಮಿ. ನೀರು ಮಾತ್ರ ಸ್ವಲ್ಪ ಕಲಕಿದಂತೆ ಬರುತ್ತದಂತೆ. ಬಿಡುವಾದಾಗ ನೋಡಬೇಕೆಂದರು."

ದಳವಾಯಿ ನಕ್ಕ. "ಕತ್ತೆಯ ಮೇಲೆ ಬಂದವರು, ಕುದುರೆ ಮೆಚ್ಚದೆ ಇರುತ್ತಾರೆಯೇ? ನೀರು ಕಲಕಿದರೆ ಮರಳಿನಲ್ಲಿ ಒರತೆ ತೋಡಿಕೊಳ್ಳಲಿ. ಕೈಯಿಲ್ಲವೇ ಅವರಿಗೆ? ನಮ್ಮ ದೊರೆಯ ಕುದುರೆಗಳು ಆ ಬೇಟೆಗಾರರ ಕೆಳಗೆ ನಿಂತು ಮೈ ತೊಳೆದುಕೊಳ್ಳಬೇಕೇನು?"

ನಡುವಿನವನು ಕೆಳಗೆ ಹೋದ. ಹೋಗುವಾಗ ಉಗ್ರಾಣದವನನ್ನು ಕಾಡಿ ಬೇಡಿ ಶುಂಠಿ, ಬೆಲ್ಲ ಹೊರಿಸಿಕೊಂಡು ಹೋದ. ನಾಯಕನಿಗೆ ಹೇಳಿದ: "ದಳವಾಯಿಗಳು ಕೇಳಿ ಬಹಳ ನೊಂದುಕೊಂಡರು. ನಿಮ್ಮವರ ಹೊಟ್ಟೆಗೆಂದು ಇದನ್ನು ಕಳಿಸಿದ್ದಾರೆ. ರೇವಿನ ಮಾತು ದೊರೆಗೆ ಹೋಗಿದೆ. ಅಪ್ಪಣೆ ಬಂದ ಕೂಡಲೇ ಬಿಟ್ಟುಕೊಡುತ್ತಾರೆ."

ನಾಯಕ ಬೆಲ್ಲದ ಅಚ್ಚನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಹಾಗೆಂದನೇ? ನಾನು ಅವನನ್ನು ಏನೋ ಎಂದುಕೊಂಡಿದ್ದೆ. ಮನುಷ್ಯ ಒಳ್ಳೆಯವನೇ ಇರಬೇಕು. ಆಗಲಿ, ಕಾಯುತ್ತೇನೆ."

ಇಲ್ಲಿಗೆ ಬಂದಾಗ ದುಗ್ಗಪ್ಪ ತಡೆಯಲಾರದೆ ಹೇಳಿದ: "ಜಾಣ ಗುರುಗಳೇ! ಎರಡು ಕಡೆಯ ಬೆಂಕಿಯನ್ನೂ ಆರಿಸಿದ."

"ಹೌದು, ಜಾಣ" ಎಂದರು ಗುರು. "ಈಗ ನೀನು ಹೇಳು. ನಾಯಕ ಯಾವ ಅಪ್ಪಣೆಗೆ ಕಾಯುತ್ತಿದ್ದ?"

"ದೊರೆಯ ಅಪ್ಪಣೆಗೆ."

"ದೊರೆಯನ್ನು ಕೇಳಿದವರು ಯಾರು?"

ಗುರು ಕತೆಯನ್ನು ಮುಂದುವರಿಸಿದರು.

ಯಾರೂ ಕೇಳಿರಲಿಲ್ಲ. ಯಾರೂ ಕೇಳದ ಅಪ್ಪಣೆಗೆ ಒಂದು ಸೇನೆಯೇ ಕಾಯಿತು. ಕೋಪ ಇದ್ದಿದ್ದರೆ ನಾಯಕ ಅಂದೇ ಪಾಳೆಯ ಕಿತ್ತು ಮೇಲೆ ಹೋಗಿ ಒಳ್ಳೆಯ ನೀರು ಹುಡುಕುತ್ತಿದ್ದ. ಅವನ ಕೋಪವನ್ನು ನಡುವಿನವನು ಬೆಲ್ಲ ಕೊಟ್ಟು ಕೊಂದಿದ್ದ. ಹಾಗಾಗಿ ಅವನ ಜನ ಅದೇ ನೀರು ಕುಡಿಯುತ್ತ ಕೂತರು. ಭೇದಿ ಹತ್ತಿತು. ಈಟಿ ಊರಿಕೊಂಡು ನಡೆಯುವವರು ಹೆಚ್ಚಾದರು. ಆಮೇಲೆ ಈಟಿ ಹಿಡಿಯಲೂ ಆಗದವರು ಹೆಚ್ಚಾದರು. ಮೇಲಿನ ಪಾಳೆಯದ ದಳವಾಯಿಗೆ ಇದೇನೂ ಗೊತ್ತಿರಲಿಲ್ಲ. ನಡುವಿನವನು ಬಂದಾಗಲೆಲ್ಲ, "ನಮ್ಮ ಗೆಳೆಯರು ಹೇಗಿದ್ದಾರೆ?" ಎಂದು ಕೇಳುತ್ತಿದ್ದ. "ಯುದ್ಧಕ್ಕೆ ತುದಿಗಾಲಲ್ಲಿ ನಿಂತಿದ್ದಾರೆ ಸ್ವಾಮಿ" ಎಂದು ಅವನು ಹೇಳುತ್ತಿದ್ದ. ಅವರಿಗೆ ನಿಲ್ಲಲೇ ಆಗುತ್ತಿರಲಿಲ್ಲ.

ನಾಯಕ ಮತ್ತೆ ಕರೆಸಿದ. ಈ ಸಲ ಅವನ ದನಿಯಲ್ಲಿ ಕೋಪ ಇರಲಿಲ್ಲ. "ನನ್ನಲ್ಲಿ ನೆಟ್ಟಗಿರುವವರು ಅರ್ಧದಷ್ಟೂ ಇಲ್ಲ. ಕೆಳಗಿನ ರೇವನ್ನು ನಾನೊಬ್ಬನೇ ಕಾಯಲಾರೆ. ದಳವಾಯಿಗೆ ಹೇಳಿ ಇಲ್ಲಿಗೆ ಜನ ಹಾಕಿಸು. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ" ಎಂದ.

ನಡುವಿನವನು ಈ ಮಾತನ್ನೂ ದಾರಿಯಲ್ಲಿ ತೂಗಿ ನೋಡಿದ. ಇದನ್ನು ಹೇಳಿದರೆ ದಳವಾಯಿ, ಬೆಟ್ಟದವರು ಹೇಡಿಗಳು ಎನ್ನುತ್ತಾನೆ. ಹಾಗಾದರೆ ಇಷ್ಟು ದಿನ ನೀನು ಹೇಳಿದ್ದೇನು ಎಂದೂ ಕೇಳುತ್ತಾನೆ. ಎರಡನೆಯದು ಅವನಿಗೆ ಹೆಚ್ಚು ಭಾರವಾಗಿ ಕಂಡಿತು. ಜನ ಬೇಕೆಂಬ ಮಾತನ್ನು ದಳವಾಯಿಗೆ ಮುಟ್ಟಿಸಲೇ ಇಲ್ಲ. ಅಲ್ಲಿಯವರೆಗೆ ಅವನು ಎರಡು ಸೇನೆಗಳಿಗಾಗಿ ಸುಳ್ಳು ಹೇಳಿದ್ದ. ಅಂದಿನಿಂದ ತನಗಾಗಿ ಹೇಳತೊಡಗಿದ. ಆದರೆ ಆ ವ್ಯತ್ಯಾಸ ಅವನಿಗೆ ತಿಳಿಯಲಿಲ್ಲ. ತಾನು ಸ್ನೇಹ ಕಾಯುತ್ತಿದ್ದೇನೆ ಎಂದೇ ನಂಬಿದ್ದ. ಎಲ್ಲ ಮಧ್ಯಸ್ಥರೂ ಹಾಗೆಯೇ ನಂಬಿರುತ್ತಾರೆ.

ಬಯಲಿನ ಸೇನೆಯ ಎಡ ತುದಿಯಲ್ಲಿ, ಬೆಟ್ಟದವರ ಪಾಳೆಯಕ್ಕೆ ಅಂಟಿಕೊಂಡಂತೆ, ಕಾಲಾಳುಗಳ ಒಂದು ತಂಡ ಇತ್ತು. ಎಲ್ಲರೂ ನಡುವಿನವನ ತಂದೆಯ ಊರಿನವರು. ಅವನ ಸೋದರತ್ತೆಯ ಗಂಡನೂ ಅವರಲ್ಲಿದ್ದ. ಆ ದಿನ ಅವನು ನಡುವಿನವನನ್ನು ತಡೆದು ನಿಲ್ಲಿಸಿದ.

"ಏನಪ್ಪಾ ಅಳಿಯ, ಎರಡು ಮನೆ ಊಟ ಮಾಡಿ ಮಾಡಿ ಮೈ ಬಂದಿದೆಯಲ್ಲ!"

"ನಿನ್ನ ಕಣ್ಣು ಬೀಳದಿದ್ದರೆ ಸಾಕು ಮಾವ."

ತಂಡದವರು ನಕ್ಕರು. ಮಾವ ನಗಲಿಲ್ಲ. "ತಮಾಷೆ ಸಾಕು. ನಮ್ಮ ಎಡಗಡೆ ಸದ್ದು ಕಡಿಮೆಯಾಗಿದೆ. ಮೊದಲು ಅವರ ಡೋಲು ಕೇಳಿಸುತ್ತಿತ್ತು, ಬೈಗುಳ ಕೇಳಿಸುತ್ತಿತ್ತು. ಈಗ ಬರೀ ಹೊಗೆ ಕಾಣುತ್ತದೆ. ಅಲ್ಲಿ ಜನ ಇದ್ದಾರೆ ತಾನೇ? ನಾವು ಇರುವುದೇ ಒಂದು ಹಿಡಿ. ಇಲ್ಲ ಎನ್ನುವುದಾದರೆ ಹೇಳಿಬಿಡು. ಆ ಕಡೆಗೆ ಮುಳ್ಳಿನ ಬೇಲಿಯಾದರೂ ಎಳೆದುಕೊಳ್ಳುತ್ತೇವೆ."

ನಡುವಿನವನು ಮಾವನ ಹೆಗಲ ಮೇಲೆ ಕೈ ಇಟ್ಟ. "ಇದ್ದಾರೆ ಮಾವ. ಹುಲಿಗಳಂತೆ ಇದ್ದಾರೆ. ನೀನು ಹೊಳೆಯ ಕಡೆ ನೋಡು. ಎಡಗಡೆಯ ಚಿಂತೆ ನನಗೆ ಬಿಡು."

ಮಾವ ಅವನ ಮಾತನ್ನು ನಂಬಿದ. ನಮ್ಮ ಹುಡುಗ ಎರಡೂ ಕಡೆ ಕಣ್ಣಾರೆ ಕಂಡು ಬರುವವನು, ಅವನಿಗೆ ಗೊತ್ತಿಲ್ಲದ್ದು ಇನ್ನಾರಿಗೆ ಗೊತ್ತು ಎಂದು ತಂಡಕ್ಕೆಲ್ಲ ಹೇಳಿದ. ಬೇಲಿಗೆಂದು ಕಡಿದು ತಂದಿದ್ದ ಮುಳ್ಳನ್ನು ಒಲೆಗೆ ಹಾಕಿದರು.

ಕೇಳಿದ ಜನ ಬರಲಿಲ್ಲ. ಕೊನೆಗೆ ನಾಯಕ ಎದ್ದ. ಕಾಯಿಲೆಯವರನ್ನು ಕಂಬಳಿಯ ಜೋಲಿಯಲ್ಲಿ ಹಾಕಿಸಿದ. ಹೊರಡುವ ಮುಂಚೆ ನಡುವಿನವನಿಗೆ ಹೇಳಿದ: "ನಾನು ಬೆಟ್ಟಕ್ಕೆ ಹೋಗುತ್ತಿದ್ದೇನೆ. ಇಲ್ಲಿ ಇನ್ನು ಯಾರೂ ಇರುವುದಿಲ್ಲ. ಈಗಲೇ ಹೋಗಿ ಅವನಿಗೆ ಹೇಳು. ನನ್ನನ್ನು ಬೈಯಲಿ, ನನ್ನ ತಾಯಿಯನ್ನು ಬೈಯಲಿ. ಆದರೆ ತಿಳಿದುಕೊಳ್ಳಲಿ."

ನಡುವಿನವನು ಓಡಿದ. ಮಾವನ ತಂಡದ ಪಕ್ಕದಲ್ಲಿಯೇ ಓಡಿದ. ನಿಲ್ಲಲಿಲ್ಲ. ದಳವಾಯಿಯ ಡೇರೆ ಹೊಕ್ಕ. ದಳವಾಯಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಬಾ ಬಾ" ಎಂದ. "ನಮ್ಮ ಗೆಳೆಯರು ಹೇಗಿದ್ದಾರೆ?"

ಎಲ್ಲವನ್ನೂ ಹೇಳಿಬಿಡಲು ಅವನು ಬಾಯಿ ತೆರೆದಿದ್ದ. ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ಈಗ ರೇವು ಬಿಡಿಸಿಕೊಂಡರೆ, ನಾಳೆ ನಸುಕಿನಲ್ಲಿಯೇ ಬೆಟ್ಟದ ದಾರಿ ಹಿಡಿದು ನಾಯಕನನ್ನು ತಿರುಗಿಸಿ ಕರೆತರಬಹುದು. ಅವನು ಹೋದದ್ದೇ ಯಾರಿಗೂ ತಿಳಿಯುವುದಿಲ್ಲ. ಒಪ್ಪಂದವೂ ಉಳಿಯುತ್ತದೆ, ತನ್ನ ಮಾತೂ ಉಳಿಯುತ್ತದೆ.

"ಚೆನ್ನಾಗಿದ್ದಾರೆ ಸ್ವಾಮಿ" ಎಂದ. "ಆ ಮೇಲಿನ ರೇವಿನ ವಿಷಯ..."

"ಯುದ್ಧ ಮುಗಿಯಲಿ, ಮಾತಾಡೋಣ" ಎಂದು ದಳವಾಯಿ ಎದ್ದುಬಿಟ್ಟ.

ಬೆಳಗಾಯಿತು. ನಡುವಿನವನು ಬೆಟ್ಟದ ದಾರಿಯಲ್ಲಿದ್ದ. ಶತ್ರು ಕೆಳಗಿನ ರೇವಿಗೆ ಇಳಿದ. ತಡೆಯುವವರು ಯಾರೂ ಇರಲಿಲ್ಲ. ಮೊಣಕಾಲಿನ ನೀರು ದಾಟಿ, ಬೆಟ್ಟದವರ ಖಾಲಿ ಪಾಳೆಯದ ಮೂಲಕವೇ ನಡೆದು ಬಂದ. ಮಾವನ ತಂಡದವರು ಮೊದಲು ಅವರನ್ನು ಕಂಡರು. ಕಂಡು ಏನು ಮಾಡಿದರು ಗೊತ್ತೇ? ಕತ್ತಿ ಹಿರಿಯಲಿಲ್ಲ, ಕೂಗಲಿಲ್ಲ. ಎಡಗಡೆಯಿಂದ ಬಂದವರು ಬೆಟ್ಟದ ಗೆಳೆಯರಲ್ಲದೆ ಇನ್ನಾರು? ಮೇಲೆದ್ದು, ಪಕ್ಕಕ್ಕೆ ಸರಿದು, ದಾರಿ ಬಿಟ್ಟರು. ಮಾವ ಕೈ ಎತ್ತಿ, ಬನ್ನಿ ಬನ್ನಿ ಎಂದನಂತೆ. ಆ ಕೈ ಎತ್ತಿದಂತೆಯೇ ಅವನು ಸತ್ತ. ತಂಡದಲ್ಲಿ ಒಬ್ಬನೂ ಉಳಿಯಲಿಲ್ಲ. ಅವರ ಹಿಂದಿನ ತಂಡ, ಅದರ ಹಿಂದಿನ ತಂಡ, ಹೀಗೆ ಇಡೀ ಸೇನೆ ಪಕ್ಕೆಯಿಂದ ಸೀಳಿಹೋಯಿತು.

ದಳವಾಯಿ ಬದುಕಿದ. ಅವನಿಗೆ ಕುದುರೆ ಇತ್ತು.

ಮುಂದೆ ಯಾವುದೋ ಊರಿನ ಚಾವಡಿಯಲ್ಲಿ ದಳವಾಯಿಯೂ ನಾಯಕನೂ ಎದುರುಬದುರಾದರು. ನಡುವೆ ಅದೇ ನಡುವಿನವನು. ಅಷ್ಟು ಹೊತ್ತಿಗೆ ಇಬ್ಬರೂ ಒಬ್ಬರ ಭಾಷೆ ಒಬ್ಬರು ಅಷ್ಟಿಷ್ಟು ಕಲಿತಿದ್ದರು.

"ಹೇಳದೆ ಓಡಿಹೋದೆಯಲ್ಲೋ" ಎಂದ ದಳವಾಯಿ.

"ಹೇಳದೆಯೇ? ನೀರು ಕೆಟ್ಟಿದೆ ಎಂದೆ. ಜನ ಕಳಿಸು ಎಂದೆ. ಹೋಗುತ್ತಿದ್ದೇನೆ ಎಂದೂ ಹೇಳಿ ಕಳಿಸಿದೆ."

"ನನ್ನ ಕುದುರೆಗಳನ್ನು ಮೆಚ್ಚಿದೆ ಎಂದಲ್ಲವೇ ನೀನು ಹೇಳಿ ಕಳಿಸಿದ್ದು?"

ಇಬ್ಬರೂ ನಡುವಿನವನ ಕಡೆ ತಿರುಗಿದರು. ಅವನು ಕೈ ಮುಗಿದ. "ನಿಮ್ಮಿಬ್ಬರ ಸ್ನೇಹ ಉಳಿಯಲಿ ಎಂದು ಮಾಡಿದೆ."

"ಯಾರ ಸ್ನೇಹ?" ಎಂದ ನಾಯಕ. "ಈ ಮನುಷ್ಯನ ಮುಖ ನಾನು ನೋಡುತ್ತಿರುವುದೇ ಇವತ್ತು."

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ದುಗ್ಗಪ್ಪ ಕೂತಲ್ಲಿಯೇ ಚಡಪಡಿಸಿದ. "ಅವನನ್ನು ಗಲ್ಲಿಗೆ ಹಾಕಿದರೇ ಗುರುಗಳೇ?"

"ಯಾಕೆ ಹಾಕುತ್ತಾರೆ? ಮುಂದಿನ ಯುದ್ಧದಲ್ಲಿಯೂ ಅವನನ್ನೇ ನಡುವೆ ಇಟ್ಟರು. ಕಹಿ ಮಾತು ಕಿವಿಗೆ ಬೀಳದಂತೆ ನೋಡಿಕೊಳ್ಳುವವನು ದೊಡ್ಡವರಿಗೆ ಯಾವಾಗಲೂ ಬೇಕು. ಇಬ್ಬರೂ ಅವನನ್ನು ಬೈದರು, ಇಬ್ಬರೂ ಇಟ್ಟುಕೊಂಡರು. ಸತ್ತದ್ದು ಅವರಲ್ಲವಲ್ಲ."

ದುಗ್ಗಪ್ಪ ತಲೆ ಎತ್ತಿದ. ಅವನ ದನಿ ಗಟ್ಟಿಯಾಗಿತ್ತು. ಅದರಲ್ಲಿ ಹಟವೂ ಇತ್ತು.

"ಆದರೆ ಒಂದು ಮಾತು ಗುರುಗಳೇ. ಅವನು ಮೊದಲ ದಿನವೇ ಇದ್ದದ್ದನ್ನು ಇದ್ದಂತೆ ಹೇಳಿದ್ದರೆ ಒಪ್ಪಂದ ಅವತ್ತೇ ಮುರಿದುಬೀಳುತ್ತಿತ್ತು. ಆಗ ಏನು ಉಳಿಯುತ್ತಿತ್ತು?"

"ಮುರಿದಿದ್ದರೆ, ತಮ್ಮ ಎಡಗಡೆ ಯಾರೂ ಇಲ್ಲ ಎಂಬುದಾದರೂ ಆ ಆಳುಗಳಿಗೆ ಗೊತ್ತಿರುತ್ತಿತ್ತು" ಎಂದರು ಗುರು.

ದುಗ್ಗಪ್ಪ ಎದ್ದು ಕಲ್ಲಿನವರ ಕೇರಿಯ ಕಡೆ ಹೊರಟ.